ಮಲೆನಾಡಿನ ರೋಗಗಳು: ರೋಗಾಣುವೊಂದೇ ಕಾರಣವೆ?

ಒಂದು ಸೀಮೆಯ ಜನರು ರೋಗಕ್ಕೆ ತುತ್ತಾಗಲು ಕಾರಣವೇನೆಂದು ಕೇಳಿದರೆ, ವಿಜ್ಞಾನದ ವಿದ್ಯಾರ್ಥಿ ಒಡನೆಯೇ ರೋಗಾಣುವಿನ ಹೆಸರನ್ನು ಹೇಳುತ್ತಾನೆ. ಉತ್ತರ ತಪ್ಪಲ್ಲ, ಆದರೆ ಅದು ಅರ್ಧ ಉತ್ತರವೆಂಬುದು ನಮ್ಮ ಅಭಿಪ್ರಾಯ. ಉಳಿದರ್ಧವನ್ನು ಕಾಣಬೇಕಾದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಬೆಟ್ಟಗಳತ್ತ ದೃಷ್ಟಿ ಹರಿಸಿದರೆ ಸಾಕು.

ಮೊದಲು ಮಲೇರಿಯವನ್ನು ತೆಗೆದುಕೊಳ್ಳೋಣ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಮಲೆನಾಡೆಂದರೆ ಚಳಿಜ್ವರದ ನಾಡೆಂದು ಬಯಲುಸೀಮೆಯವರು ಅಂಜುತ್ತಿದ್ದರು. ಇಲ್ಲಿ ಅದನ್ನು ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಅದರ ಮರಿಗಳು ಬೆಳೆಯುತ್ತವೆ. ಇದಿಷ್ಟು ಜೀವವಿಜ್ಞಾನದ ಮಾತು. ಆದರೆ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೂಲಿಗಾರರು ಬರುತ್ತಿದ್ದರು. ಈ ಜ್ವರದ ನಡುವೆ ಬೆಳೆದು ಒಂದಿಷ್ಟು ನಿರೋಧಶಕ್ತಿಯನ್ನು ಗಳಿಸಿಕೊಂಡ ದೇಹಗಳಲ್ಲ ಅವು. ಇಕ್ಕಟ್ಟಾದ ಲೈನುಮನೆಗಳಲ್ಲಿ ಅವರು ಒತ್ತೊತ್ತಾಗಿ ಮಲಗುತ್ತಿದ್ದುದರಿಂದ, ಒಬ್ಬನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ರೋಗಾಣುವನ್ನು ಸಾಗಿಸುವುದು ಸೊಳ್ಳೆಗೆ ಸುಲಭವಾಯಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಸೊಳ್ಳೆಯನ್ನು ಎದುರಿಸಿತು. 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ವೈದ್ಯಸಹಾಯಗಳ ಹೊಣೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತು. ಎರಡೂ ಆರೋಗ್ಯದ ಕಾರ್ಯಗಳೇ.

ಮಲೇರಿಯದ ಅಂಜಿಕೆ ಕಡಿಮೆಯಾಯಿತು. ಮಂಗನ ಕಾಯಿಲೆಯ ಅಂಜಿಕೆ ಉಳಿದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿಯೂ ಪ್ರಾಣಹಾನಿ ಮಾಡಿತು. ಇದರ ವೈರಸ್ಸು ಕಾಡಿನ ಉಣುಗುಗಳಲ್ಲಿಯೂ ಸಣ್ಣ ಪ್ರಾಣಿಗಳಲ್ಲಿಯೂ ನೆಲಸಿರುತ್ತದೆ. ಸೋಂಕಿದ ಮಂಗ ಸತ್ತುಬಿದ್ದಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಚದುರುತ್ತವೆ. ಮೇಯಲು ಹೋದ ದನಗಳು ಈ ರೋಗದಿಂದ ನರಳುವುದಿಲ್ಲ. ಆದರೆ ಅವುಗಳ ರಕ್ತವನ್ನು ಹೀರಿ ಉಣುಗಿನ ಸಂತತಿ ಹೆಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು. ರೋಗ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುವರು.

ಉಣುಗಿಗೆ ಒಡೆಯ, ಆಳು ಎಂಬ ಭೇದವಿಲ್ಲ. ಹಾಗಿದ್ದರೂ ಕಚ್ಚಿಸಿಕೊಳ್ಳುವವರು ಯಾರು? ಸೌದೆ ತರುವ ಹೆಂಗಸು, ತರಗೆಲೆ ಗುಡಿಸುವ ಆಳು, ದನ ಕಾಯುವ ಹುಡುಗ. ಚಳಿಗಾಲದಿಂದ ಬೇಸಗೆಯವರೆಗಿನ ಒಣ ತಿಂಗಳುಗಳಲ್ಲಿ ಮರಿ ಉಣುಗುಗಳ ಹಾವಳಿ ಹೆಚ್ಚು. ಜನರು ಕಾಡಿಗೆ ಹೋಗುವುದೂ ಆಗಲೇ ಹೆಚ್ಚು. “ಕಾಡಿಗೆ ಹೋಗಬೇಡಿ” ಎಂಬ ಎಚ್ಚರಿಕೆಯನ್ನು ಮೀರಿದವರನ್ನು ಓದಿದ ನಾವು ಅವಿವೇಕಿಗಳೆನ್ನುತ್ತೇವೆ. ಸೌದೆಯಿಲ್ಲದೆ ಅವರ ಒಲೆ ಹೇಗೆ ಉರಿಯಬೇಕೆಂದು ಮಾತ್ರ ಕೇಳುವುದಿಲ್ಲ.

ಲಸಿಕೆಯೊಂದಿದ್ದರೆ ಎಲ್ಲವೂ ಸರಿಹೋದೀತೆಂದು ಕೆಲವರು ವಾದಿಸಬಹುದು. ಒಳ್ಳೆಯ ಲಸಿಕೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಕತೆ ಬೇರೊಂದು ಪಾಠವನ್ನು ಹೇಳುತ್ತದೆ. ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಂಡು, ಮತ್ತೆ ಮತ್ತೆ ವರ್ಧಕ ಚುಚ್ಚುಮದ್ದನ್ನು ಪಡೆಯಬೇಕಾಗಿತ್ತು. ಚುಚ್ಚಿದ ನೋವಿನಿಂದ ದಿನಗೂಲಿಯನ್ನು ಕಳೆದುಕೊಳ್ಳುವವರು ಪ್ರತಿಸಲವೂ ಬಂದಾರೆ? ಲಸಿಕೆಯ ಸಾಮರ್ಥ್ಯವೂ ಕುಗ್ಗಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆ ಬಂದಾಗಲೂ, ಅದನ್ನು ಹಾಕಿಸಿಕೊಂಡ ದಿನದ ಕೂಲಿಯನ್ನು ಲೆಕ್ಕದಲ್ಲಿಡದಿದ್ದರೆ ಅದು ಶೀಷೆಯಲ್ಲಿಯೇ ಉಳಿದೀತು.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಸಂಕಲನಕ್ಕಿಂತ ಗುಣಾಕಾರವೇ ತಕ್ಕ ಹೋಲಿಕೆಯಾಗಿ ತೋರುತ್ತದೆ. ರೋಗಾಣು ಒಂದು ಅಂಶ, ಜೀವನಸ್ಥಿತಿ ಇನ್ನೊಂದು; ಎರಡರಲ್ಲಿ ಯಾವುದು ಕುಗ್ಗಿದರೂ ಗುಣಲಬ್ಧ ಕುಗ್ಗುತ್ತದೆ. ರೋಗಾಣುವಿಲ್ಲದೆ ಬಡತನವೊಂದೇ ಮಂಗನ ಕಾಯಿಲೆಯನ್ನು ತಾರದು. ಆದುದರಿಂದ ಮಂಗ ಸತ್ತ ಸುದ್ದಿ ಬಂದ ಹಳ್ಳಿಗೆ ಉಣುಗನ್ನು ದೂರವಿಡುವ ಎಣ್ಣೆಯೊಡನೆ ಅಡುಗೆಯ ಅನಿಲವೂ, ಕಾಡಿಗೆ ಹೋಗದ ದಿನಗಳಿಗೆ ಬದಲಿ ಕೂಲಿಯೂ ತಲಪಬೇಕೆಂದು ನಾವು ಹೇಳುತ್ತೇವೆ. ನಾಳೆ ವೈದ್ಯರಾಗುವ ವಿದ್ಯಾರ್ಥಿಗಳು ರೋಗಿಯ ನಾಡಿಯನ್ನು ಹಿಡಿದಾಗ, ಅವನು ಎಲ್ಲಿ ಮಲಗುತ್ತಾನೆ, ಒಲೆಗೆ ಏನು ಹಾಕುತ್ತಾನೆ ಎಂಬುದನ್ನೂ ಕೇಳಲಿ.