ಸಾತ್ಮ್ಯವನ್ನರಿತ ಪರಿಚಾರಕಿಯರು

ಭದ್ರಾವತಿಯ ಜನ್ನಾಪುರದಲ್ಲಿ ನಾನು ವೈದ್ಯವೃತ್ತಿ ಆರಂಭಿಸಿ ಮೂರು ದಶಕಗಳು ಮೀರಿದವು. 1923ರಲ್ಲಿ ಕಬ್ಬಿಣದ ಕಾರ್ಖಾನೆ, ಆನಂತರ ಕಾಗದದ ಕಾರ್ಖಾನೆ ತಲೆಯೆತ್ತಿದಂದಿನಿಂದ ಅನ್ನವನ್ನರಸಿ ಈ ಊರಿಗೆ ಬಂದವರು ಅಸಂಖ್ಯ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಕಿವಿಗೆ ಬೀಳುತ್ತವೆ. ಮನೆಯಿಂದ ಮನೆಗೆ ಅಡುಗೆ ಬೇರೆ, ಬಾಣಂತನದ ಕ್ರಮ ಬೇರೆ. ಆದರೂ ವೈದ್ಯನ ಸಲಹೆ ಎಲ್ಲರಿಗೂ ಒಂದೇ ಎಂದು ಬಹುಕಾಲ ಭಾವಿಸಿದ್ದೆ. ಆ ಭಾವನೆಯನ್ನು ತಿದ್ದಿದವರು ಒಬ್ಬ ಆಶಾ ಕಾರ್ಯಕರ್ತೆ.

ಕೆಲವು ವರ್ಷಗಳ ಹಿಂದೆ ರಂಜಾನ್ ಮಾಸದಲ್ಲಿ ಮಧುಮೇಹವಿದ್ದ ನಿವೃತ್ತ ಕಾರ್ಮಿಕರೊಬ್ಬರು ಬಂದಿದ್ದರು. "ಉಪವಾಸ ಬೇಡ" ಎಂದಷ್ಟೇ ಹೇಳಿ ಕಳುಹಿಸಿದೆ. ಹಿರಿಯರು ಎದುರಾಡಲಿಲ್ಲ, ಉಪವಾಸವನ್ನೂ ಬಿಡಲಿಲ್ಲ. ನಸುಕಿನಲ್ಲಿ ಎಂದಿನಂತೆ ಮಾತ್ರೆ ನುಂಗಿದವರು ಮಧ್ಯಾಹ್ನ ಬೆವತು, ನಡುಗಿ ಕುಸಿದರು. ಮನೆಯವರು ಆಯಾಸವೆಂದುಕೊಂಡರು. ಅದೇ ಓಣಿಯ ಆಶಾ ಕಾರ್ಯಕರ್ತೆ ರಕ್ತದಲ್ಲಿ ಸಕ್ಕರೆ ಇಳಿದಿದೆಯೆಂದು ಗುರುತಿಸಿ, ಪ್ರಜ್ಞೆಯಿರುವಾಗಲೇ ಸಕ್ಕರೆ ನೀರು ಕುಡಿಸಿದ್ದರಿಂದ ಜೀವ ಉಳಿಯಿತು. ಮರುದಿನ ಆಕೆ ನನಗೆ ಹೇಳಿದ್ದು: "ಡಾಕ್ಟ್ರೇ, ಬೇಡ ಅಂದ್ರೆ ಅವರು ನಿಮ್ಮ ಹತ್ರ ಮುಚ್ಚಿಡ್ತಾರೆ. ರೋಜಾ ಶುರುವಾಗೋಕೆ ಮುಂಚೇನೇ ಕೇಳಿ."

ತಪ್ಪು ನನ್ನದಾಗಿತ್ತು. ಅಂದಿನಿಂದ ರಂಜಾನ್‌ಗೆ ಒಂದು ತಿಂಗಳು ಮೊದಲೇ ವಿಚಾರಿಸುತ್ತೇನೆ. ಮಾತ್ರೆಯ ಪ್ರಮಾಣ ಮತ್ತು ವೇಳೆಯ ಬಗ್ಗೆ ಅದನ್ನು ಬರೆದುಕೊಟ್ಟ ವೈದ್ಯರನ್ನು ಕಾಣಲು ತಿಳಿಸುತ್ತೇನೆ. ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇದೆಯೆಂಬ ಮಾತನ್ನು ಆಕೆ ಮೌಲ್ವಿಯವರಿಂದಲೇ ಹೇಳಿಸಿದರು. ನನ್ನ ಆಜ್ಞೆಗೆ ಮಣಿಯದವರು ಆ ಮಾತಿಗೆ ಕಿವಿಗೊಟ್ಟರು.

ನಮ್ಮ ಶಾಸ್ತ್ರಕ್ಕೆ ಇದು ಹೊಸದೇನಲ್ಲ. ಚರಕ ಸಂಹಿತೆಯು ರೋಗಿಯ ಪರೀಕ್ಷೆಯಲ್ಲಿ ಸಾತ್ಮ್ಯವನ್ನು, ಅಂದರೆ ಆತನಿಗೆ ರೂಢಿಯಿಂದ ಒಗ್ಗಿದ ಆಹಾರ ವಿಹಾರಗಳನ್ನು ಅರಿಯಬೇಕೆನ್ನುತ್ತದೆ. ವೈದ್ಯ, ಔಷಧ, ರೋಗಿಯರೊಡನೆ ಪರಿಚಾರಕನನ್ನೂ ಚಿಕಿತ್ಸೆಯ ಪಾದವೆಂದು ಎಣಿಸುತ್ತದೆ. ಆತನಿಗೆ ದಕ್ಷತೆ, ಶುಚಿತ್ವಗಳಷ್ಟೇ ಅನುರಾಗವೂ ಬೇಕೆನ್ನುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆ ನನ್ನ ದೃಷ್ಟಿಯಲ್ಲಿ ಆ ನಾಲ್ಕನೆಯ ಪಾದ. ಆಕೆ ಅದೇ ಊರಿನ ನಿವಾಸಿಯಾಗಿರಬೇಕೆಂಬ ನಿಯಮದ ಮರ್ಮವೂ ಇದೇ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಈ ಮರ್ಮವನ್ನು ಮೊದಲೇ ಅರಿತಿತ್ತು. ಅದು ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ನೀಡಿ, ಸೋಲಿಗರ ನಾಟಿವೈದ್ಯವನ್ನೂ ಗೌರವಿಸಿತು. ನಮ್ಮ ಜಿಲ್ಲೆಯಲ್ಲೂ ಲಂಬಾಣಿ ತಾಂಡಾಗಳಿವೆ, ವಾಗ್ರಿ ಮಾತನಾಡುವ ಹಕ್ಕಿಪಿಕ್ಕಿ ಕುಟುಂಬಗಳಿವೆ. ಅಲ್ಲಿನ ಗರ್ಭಿಣಿಗೆ ತನ್ನ ನೋವನ್ನು ತನ್ನ ನುಡಿಯಲ್ಲೇ ಹೇಳಿಕೊಳ್ಳುವ ಅವಕಾಶ ಬೇಡವೇ?

ಹಾಗಾದರೆ ಎಲ್ಲ ರೂಢಿಗಳಿಗೂ ತಲೆಬಾಗಬೇಕೇ ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಬಾಣಂತಿಗೆ ನೀರು ಕೊಡದಿರುವುದು, ಮೊದಲ ಗಿಣ್ಣು ಹಾಲನ್ನು ಚೆಲ್ಲುವುದು ನಮ್ಮವರಲ್ಲೂ ಇದ್ದ ತಪ್ಪುಗಳೇ. ಹೊರಗಿನವರು ಗದರಿದರೆ ಅಂಥ ರೂಢಿ ಒಳಮನೆಗೆ ಸೇರಿ ಅಡಗುತ್ತದೆ. ಒಳಗಿನವಳೇ ಕುಳಿತು ತಿಳಿಹೇಳಿದರೆ ಕರಗುತ್ತದೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರನ್ನು ಪುರಸ್ಕರಿಸಿತು. 2025ರ ಜನವರಿಯಲ್ಲಿ ಅವರೇ ಗೌರವಧನಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಅಹೋರಾತ್ರಿ ಧರಣಿ ಕುಳಿತರು. ಕಾಯಕವನ್ನು ಪೂಜ್ಯವೆಂದು ನಂಬಿದ ನಾವು ಇದನ್ನು ಕಂಡು ಸುಮ್ಮನಿರಬಾರದು. ಸರ್ಕಾರ ಅವರಿಗೆ ನಿಶ್ಚಿತ ವೇತನ ನೀಡಲಿ. ತಾಂಡಾಗಳಿಗೂ ಹಾಡಿಗಳಿಗೂ ಅಲ್ಲಿಯವರನ್ನೇ ಆರಿಸಲಿ. ಭಕ್ತರು ತಮ್ಮೂರಿನ ಆರೋಗ್ಯ ಶಿಬಿರಗಳಲ್ಲಿ ಅವರನ್ನು ಚೀಟಿ ಬರೆಯಲು ಕೂರಿಸದೆ ವೈದ್ಯರ ಪಕ್ಕದಲ್ಲಿ ಕೂರಿಸಲಿ. ನಾಳೆ ಆಶಾ ಕಾರ್ಯಕರ್ತೆ ನಿಮ್ಮ ಬಾಗಿಲಿಗೆ ಬಂದಾಗ ಒಳಗೆ ಕರೆದು ನೀರು ಕೊಡಿ, ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿ. ನಾನು ಕೇಳಲು ತಡಮಾಡಿದ್ದೆ.