ಅಂತ್ಯದಿನವೂ ಅಡಕೆಯ ಸಸಿಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನಡುವೆ ಓಡಾಡುವವನಿಗೆ ಒಂದೇ ದಿನದಲ್ಲಿ ಮೂರು ಬಗೆಯ ಕಾಲಗಣನೆಗಳು ಎದುರಾಗುತ್ತವೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ರಾಶಿಕಂಬಗಳ ನಡುವೆ ನಿಂತಾಗ ಕಾಲವೊಂದು ಚಕ್ರವೆನಿಸುತ್ತದೆ. 4,32,000 ವರ್ಷಗಳ ಕಲಿಯುಗ ಮುಗಿದರೂ ಕೃತಯುಗ ಮತ್ತೆ ಬಂದೇ ಬರುವುದೆಂಬುದು ಅಲ್ಲಿಯ ನಂಬಿಕೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಗೆ ಹೋದರೆ ಅಲ್ಲಿಯೂ ಕಾಲವು ಚಕ್ರವೇ. ಆದರೆ ಅದನ್ನು ತಿರುಗಿಸುವ ಕರ್ತೃವಿಲ್ಲ. ಜೈನರ ಲೆಕ್ಕದಲ್ಲಿ ನಾವೀಗ ಅವಸರ್ಪಿಣಿಯ ಐದನೆಯ ಕಾಲದಲ್ಲಿ, 21,000 ವರ್ಷಗಳ ಇಳಿಜಾರಿನಲ್ಲಿದ್ದೇವೆ. ಅದೇ ಸೀಮೆಯಲ್ಲಿ ಕೇರಳದಿಂದ ಬಂದು ತೋಟ ಮಾಡಿ ನೆಲೆಸಿದ ಸುರಿಯಾನಿ ಕ್ರೈಸ್ತರ ಇಗರ್ಜಿಗೆ ಹೋದರೆ ಕಾಲವು ಚಕ್ರವಲ್ಲ, ಗೆರೆ. ಅದಕ್ಕೊಂದು ಆದಿ, ಒಂದು ಅಂತ್ಯ. ಅಂತ್ಯದಲ್ಲಿ ಒಬ್ಬ ನ್ಯಾಯಾಧಿಪತಿ.

ಈ ಮೂರನೆಯ ಲೆಕ್ಕದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿದುದಕ್ಕೆ ಒಂದು ಕಾರಣವುಂಟು. ನರಸಿಂಹರಾಜಪುರದ ಕಡೆ ನನಗೆ ಪರಿಚಯದ ಹಿರಿಯ ಕ್ರೈಸ್ತ ಕೃಷಿಕರೊಬ್ಬರಿದ್ದಾರೆ. ಹಳದಿ ಎಲೆ ರೋಗದಿಂದ ಅವರ ಅಡಕೆ ತೋಟದ ಒಂದು ಪಾಲು ಹಾಳಾಯಿತು. ಸತ್ತ ಮರಗಳನ್ನು ಕಡಿಸಿದರು. ಹೊಸ ಸಸಿಗಳಿಗಾಗಿ ಗುಂಡಿಗಳನ್ನೂ ತೆಗೆಸಿದರು. ಆದರೆ ಸಸಿ ನೆಡಲಿಲ್ಲ. ಕಾರಣ ಕೇಳಿದಾಗ, ಯಾರೋ ದಾರಿಹೋಕರು ಕೊಟ್ಟಿದ್ದ ಒಂದು ಕರಪತ್ರವನ್ನು ನನ್ನ ಕೈಗಿತ್ತರು. 2019ರ ಅತಿವೃಷ್ಟಿ, 2020ರ ಮಹಾಮಾರಿ, ದೂರದೇಶದ ಯುದ್ಧ ಎಲ್ಲವೂ ಕಡೆಯ ದಿನಗಳ ಗುರುತುಗಳೆಂದು ಅದರಲ್ಲಿ ಪಟ್ಟಿಮಾಡಿತ್ತು. “ಮೇಷ್ಟ್ರೇ, ಅಡಕೆ ಫಲ ಕೊಡೋಕೆ ಐದಾರು ವರ್ಷ ಬೇಕು. ಅಷ್ಟು ಕಾಲ ಈ ಲೋಕಕ್ಕೆ ಉಂಟೋ ಇಲ್ಲವೋ!” ಎಂದರು. ನಗುತ್ತಲೇ ಅಂದರು, ಆದರೆ ಗುಂಡಿಗಳು ಬರಿದಾಗಿದ್ದುದು ನಗೆಯ ಮಾತಾಗಿರಲಿಲ್ಲ.

ಅನ್ಯಮತದ ಗ್ರಂಥದ ವಿಚಾರದಲ್ಲಿ ಕನ್ನಡ ಪಾಠ ಹೇಳುವವನಿಗೆ ಏನಧಿಕಾರವೆಂದು ವಾಚಕರು ಕೇಳಬಹುದು. ದೇವತಾಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಬೈಬಲ್ ಕನ್ನಡದ ಗ್ರಂಥವೂ ಹೌದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು ಬಳ್ಳಾರಿಯಲ್ಲಿ ಕೈಗೊಂಡ ಕೆಲಸದಿಂದ 1831ರ ಹೊತ್ತಿಗೆ ಅದು ಇಡಿಯಾಗಿ ಕನ್ನಡದಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಇರುವ ಗ್ರಂಥವನ್ನು ಕನ್ನಡದ ಮಾತುಗಳ ಮೂಲಕ ಅರ್ಥಮಾಡಿಕೊಳ್ಳುವ ಅಧಿಕಾರ ಕನ್ನಡಿಗರೆಲ್ಲರಿಗೂ ಉಂಟಷ್ಟೆ.

ಮೊದಲು ಹೆಸರನ್ನೇ ನೋಡೋಣ. ಲೋಕಾಂತ್ಯದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ‘ಪ್ರಳಯ’ ಎಂದು ತಲೆಬರಹ ಹಾಕುತ್ತವೆ. ಪ್ರಳಯವೆಂದರೆ ಲಯ, ಎಲ್ಲವೂ ಕರಗಿ ಮೂಲದಲ್ಲಿ ಒಂದಾಗುವುದು. ಅಲ್ಲಿ ವಿಚಾರಣೆಯಿಲ್ಲ, ತೀರ್ಪಿಲ್ಲ. ಕ್ರೈಸ್ತರ ಕಲ್ಪನೆ ಇದಲ್ಲ. ಅವರ ಗ್ರಂಥದ ಕಡೆಯ ಪುಸ್ತಕದ ಗ್ರೀಕ್ ಹೆಸರು ‘ಅಪೊಕಾಲಿಪ್ಸಿಸ್’. ಮುಸುಕು ತೆಗೆಯುವುದು, ಮರೆಯಾಗಿದ್ದುದನ್ನು ಕಾಣಿಸುವುದು ಎಂಬುದು ಅದರ ಅರ್ಥ. ಇಂಗ್ಲಿಷಿನಲ್ಲಿ ಆ ಶಬ್ದ ಸವೆದು ಸವೆದು ಮಹಾವಿನಾಶವೆಂಬ ಅರ್ಥಕ್ಕೆ ಇಳಿದಿದೆ. ಕನ್ನಡ ಬೈಬಲ್ಲಿನಲ್ಲಾದರೋ ಅದಕ್ಕೆ ‘ಪ್ರಕಟನೆ’ ಎಂಬ ಹೆಸರು. ಮೂಲದ ಭಾವಕ್ಕೆ ಇದಕ್ಕಿಂತ ಹತ್ತಿರವಾದ ಶಬ್ದವನ್ನು ನಾನು ಕಾಣೆ. ಆ ಪುಸ್ತಕದ ಕೊನೆಯಲ್ಲಿ ಬರುವುದು ಶೂನ್ಯವಲ್ಲ, ಕಣ್ಣೀರನ್ನು ಒರೆಸುವ ಒಂದು ಹೊಸ ಲೋಕ. ಪ್ರಳಯವೆಂಬ ಮಾತಿನಲ್ಲಿ ಈ ಭರವಸೆಗೆ ಎಡೆಯೇ ಇಲ್ಲ.

ಹಾಗಾದರೆ ಅಲ್ಲಿ ಪ್ರಕಟವಾದದ್ದೇನು? ವಿದ್ವಾಂಸರಲ್ಲಿ ಹೆಚ್ಚಿನವರ ಮತದಂತೆ ಇದು ಕ್ರಿಸ್ತಶಕ ಒಂದನೆಯ ಶತಮಾನದ ಕೊನೆಯಲ್ಲಿ, ರೋಮಿನ ಚಕ್ರವರ್ತಿ ಡೊಮಿಷಿಯನ್ನನ ಕಾಲದಲ್ಲಿ ರಚಿತವಾದುದು. ಪತ್ಮೊಸ್ ದ್ವೀಪದಲ್ಲಿದ್ದ ಯೋಹಾನನೆಂಬುವನು, ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಇದನ್ನು ಬರೆದನು. ಚಕ್ರವರ್ತಿಯನ್ನೇ ದೇವರೆಂದು ಪೂಜಿಸಬೇಕೆಂಬ ರಾಜ್ಯದಲ್ಲಿ, ಹಾಗೆ ಪೂಜಿಸಲೊಲ್ಲದ ಅಲ್ಪಸಂಖ್ಯೆಯ ಜನರಿಗೆ ಬರೆದ ಪತ್ರವಿದು. ರೋಮನ್ನು ಹೆಸರಿಟ್ಟು ಹಳಿಯುವಂತಿರಲಿಲ್ಲ. ಆದುದರಿಂದ ಅದು ಬಾಬೆಲ್ ಎಂಬ ಹೆಸರಿನಲ್ಲಿ, ಮೃಗದ ರೂಪದಲ್ಲಿ ಬಂದಿತು.

ಆ ಮೃಗದ ಸಂಖ್ಯೆ 666 ಎಂಬುದನ್ನು ಹಿಡಿದುಕೊಂಡು ನಡೆದಿರುವ ಊಹಾಪೋಹಗಳಿಗೆ ಲೆಕ್ಕವಿಲ್ಲ. ನಮ್ಮವರಿಗೆ ಈ ಒಗಟು ಹೊಸದೇನೂ ಅಲ್ಲ. ನಮ್ಮ ಶಾಸನಕವಿಗಳು ಬಾಣವೆಂದು ಐದನ್ನೂ ವೇದವೆಂದು ನಾಲ್ಕನ್ನೂ ಸೂಚಿಸಿದರು. ಕಟಪಯಾದಿ ಕ್ರಮದಲ್ಲಿ ಅಕ್ಷರಗಳೇ ಅಂಕಿಗಳಾಗುತ್ತವೆ. ಹೀಬ್ರೂ ಭಾಷೆಯಲ್ಲಿಯೂ ಅಕ್ಷರಗಳಿಗೆ ಸಂಖ್ಯಾಬೆಲೆಯುಂಟು. ‘ನೇರೋನ್ ಕೇಸರ್’ ಎಂದು, ಅಂದರೆ ನೀರೋ ಚಕ್ರವರ್ತಿಯೆಂದು, ಆ ಲಿಪಿಯಲ್ಲಿ ಬರೆದು ಕೂಡಿದರೆ ಬರುವುದು 666. ಕೊನೆಯ ನಕಾರವನ್ನು ಬಿಟ್ಟು ಬರೆದರೆ 616. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಪಾಠವೇ ಇದೆ. ಪಾಠಾಂತರಗಳೊಡನೆ ಏಗಿದ ಯಾವ ಗ್ರಂಥಸಂಪಾದಕನೂ ಇಂಥ ಸಾಕ್ಷ್ಯವನ್ನು ಕಡೆಗಣಿಸಲಾರ.

ಇನ್ನೊಂದು ಸಂಗತಿಯನ್ನು ನನ್ನ ಹಿರಿಯ ಮಿತ್ರರಿಗೆ ಹೇಳಿದಾಗ ಅವರಿಗೇ ಅಚ್ಚರಿಯಾಯಿತು. ಸುರಿಯಾನಿ ಭಾಷೆಯ ಪ್ರಾಚೀನ ಬೈಬಲ್ಲಾದ ಪೆಶೀತ್ತಾದಲ್ಲಿ ಮೊದಲಿಗೆ ಪ್ರಕಟನೆಯ ಪುಸ್ತಕ ಸೇರಿರಲೇ ಇಲ್ಲ. ಆರನೆಯ ಶತಮಾನದ ಈಚೆಗೆ ಬೇರೆ ಅನುವಾದಗಳ ಮೂಲಕ ಅದು ಸುರಿಯಾನಿಗೆ ಬಂದಿತು. ಅಂದರೆ ಇವರ ಪೂರ್ವಿಕರ ಪರಂಪರೆ ಶತಮಾನಗಳ ಕಾಲ ಈ ಪುಸ್ತಕವಿಲ್ಲದೆಯೂ ಅಂತ್ಯನ್ಯಾಯವನ್ನು ನಂಬಿತ್ತು. ನಂಬಿಕೆಗೆ ದಿನಾಂಕದ ಆಸರೆ ಬೇಕಾಗಿರಲಿಲ್ಲ.

ದಿನಾಂಕದ ಗೀಳು ಬಹುಮಟ್ಟಿಗೆ ಮುಂದಿನ ಕಾಲದ್ದು. ಐದನೆಯ ಶತಮಾನದಲ್ಲಿಯೇ ಸಂತ ಅಗಸ್ಟೀನನು, ಪ್ರಕಟನೆಯಲ್ಲಿ ಬರುವ ಸಾವಿರ ವರ್ಷಗಳ ಆಳ್ವಿಕೆಯನ್ನು ಅಕ್ಷರಾರ್ಥದಲ್ಲಿ ಹಿಡಿಯಬಾರದೆಂದೂ ಅದು ಸಭೆಯ ಈಗಿನ ಕಾಲವನ್ನೇ ಸೂಚಿಸುವುದೆಂದೂ ವಿವರಿಸಿದನು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತನು ದಾನಿಯೇಲನ ಪುಸ್ತಕದ 2,300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿಸ್ತನ ಪುನರಾಗಮನ ಸಮೀಪಿಸಿತೆಂದು ಸಾರಿದನು. ಅವನ ಅನುಯಾಯಿಗಳು ಕಡೆಗೆ 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟು ಕಾದರು. ಆ ದಿನ ಬಂದಿತು, ಹೋಯಿತು. ಚರಿತ್ರೆಯಲ್ಲಿ ಅದಕ್ಕೆ ‘ಮಹಾನಿರಾಶೆ’ ಎಂಬ ಹೆಸರೇ ಉಳಿಯಿತು. ಅದೇ ದೇಶದ ರೇಡಿಯೋ ಪ್ರವಚನಕಾರ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ರಂದು ಅಂತ್ಯ ಆರಂಭವಾಗುವುದೆಂದಾಗ ನಡೆದುದೂ ಇದೇ ಕಥೆ.

ಇದನ್ನೋದಿ ಅನ್ಯಮತೀಯರಾದ ನಾವು ನಗುವಂತಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯದ ಕಾರಣಿಕಕ್ಕೆ ಮಳೆಬೆಳೆಯಿಂದ ಮಂತ್ರಿಮಂಡಲದವರೆಗೆ ನಾವು ಅರ್ಥ ಹಚ್ಚುವುದಿಲ್ಲವೆ? ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ, ಕೈವಾರದ ನಾರೇಯಣ ಯತಿಗಳ ಕಾಲಜ್ಞಾನ ಇವುಗಳಲ್ಲಿ ವಿಮಾನವನ್ನೂ ದೂರವಾಣಿಯನ್ನೂ ಹುಡುಕಿ ತೆಗೆಯುವವರು ನಮ್ಮಲ್ಲೇ ಇದ್ದಾರೆ. ಕಾಲಜ್ಞಾನದ ಹಾಡುಗಾರನಾಗಲಿ ಪತ್ಮೊಸಿನ ಯೋಹಾನನಾಗಲಿ ಪಂಚಾಂಗ ಬರೆಯಲು ಕುಳಿತವರಲ್ಲ. ತಮ್ಮ ಕಾಲದ ಅನ್ಯಾಯವನ್ನು ಕಂಡು, ಇದು ಹೀಗೆಯೇ ಉಳಿಯದೆಂದು ನುಡಿದವರು. ಅವರ ಮಾತನ್ನು ಭವಿಷ್ಯದ ವೇಳಾಪಟ್ಟಿಯನ್ನಾಗಿ ಓದುವುದೆಂದರೆ ಕಾವ್ಯವನ್ನು ಕಡತವನ್ನಾಗಿ ಓದಿದಂತೆಯೇ ಸರಿ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಒಪ್ಪಬೇಕು. ಅಂತ್ಯವೆಂಬುದೇ ಇಲ್ಲವೆಂಬ ನಮ್ಮ ನೆಮ್ಮದಿ ನಿಜವಾದ ವಿವೇಕವಲ್ಲ. ನರಸಿಂಹರಾಜಪುರದವರಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. 1965ರ ವೇಳೆಗೆ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಗದ್ದೆ, ಮನೆ, ದೇವರಬನಗಳೊಡನೆ ಹಳ್ಳಿಗಳೇ ಮುಳುಗಿದವು. ಅಲ್ಲಿದ್ದವರ ಪಾಲಿಗೆ ಲೋಕವೊಂದು ನಿಜವಾಗಿಯೂ ಮುಗಿಯಿತು. ಉಳಿದವರ ಗದ್ದೆಗೆ ನೀರು ಬಂದಿತು. ಹೀಗೆ ಮುಳುಗಿದವರ ಲೆಕ್ಕವನ್ನು ಎಂದಾದರೊಮ್ಮೆ ಯಾರಾದರೂ ಕೇಳಿಯೇ ಕೇಳುವರೆಂಬ ನಂಬಿಕೆಗೆ ಅಂತ್ಯನ್ಯಾಯವೆಂದು ಹೆಸರು. ಸೋತವನಿಗೆ ಅದು ಭಯವಲ್ಲ, ಧೈರ್ಯ.

ಆ ನ್ಯಾಯಸ್ಥಾನದಲ್ಲಿ ಕೇಳುವ ಪ್ರಶ್ನೆ ಯಾವುದು? ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ತೀರ್ಪಿನ ದಿನದ ಚಿತ್ರವಿದೆ. ಅಲ್ಲಿ ಯಾರನ್ನೂ ‘ನೀನು ದಿನಾಂಕವನ್ನು ಸರಿಯಾಗಿ ಎಣಿಸಿದೆಯಾ?’ ಎಂದು ಕೇಳುವುದಿಲ್ಲ. ಹಸಿದವನಿಗೆ ಉಣಿಸಿದೆಯೋ, ಪರದೇಶಿಯನ್ನು ಮನೆಗೆ ಸೇರಿಸಿಕೊಂಡೆಯೋ, ಸೆರೆಯಲ್ಲಿದ್ದವನನ್ನು ಹೋಗಿ ಕಂಡೆಯೋ ಎಂಬುದೇ ಅಲ್ಲಿಯ ವಿಚಾರಣೆ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿಯೇ, ಆ ದಿನ ಮತ್ತು ಗಳಿಗೆ ದೇವದೂತರಿಗೂ ತಿಳಿಯದೆಂದು ಕ್ರಿಸ್ತನೇ ಹೇಳಿಬಿಟ್ಟಿದ್ದಾನೆ. ಥೆಸಲೋನಿಕದಲ್ಲಿ ಕೆಲವರು ದುಡಿಮೆ ಬಿಟ್ಟು ತಿರುಗುತ್ತಿದ್ದಾರೆಂದು ತಿಳಿದು, ದುಡಿಯಲೊಲ್ಲದವನು ಉಣ್ಣಲೂಬಾರದೆಂದು ಗದರಿಸುವ ಮಾತು ಪೌಲನ ಹೆಸರಿನ ಪತ್ರದಲ್ಲಿದೆ. ಅಂತ್ಯದಿನದ ಕಾತರವೇ ಅವರ ಈ ಆಲಸ್ಯಕ್ಕೆ ಕಾರಣವೆಂದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಯೆಹೂದ್ಯ ಗುರು ಯೋಹಾನಾನ್ ಬೆನ್ ಜಕ್ಕಾಯಿಯ ಉಪದೇಶವಂತೂ ನಮ್ಮ ಮಲೆನಾಡಿಗೆಂದೇ ಹೇಳಿದಂತಿದೆ: ಕೈಯಲ್ಲಿ ಸಸಿಯಿರುವಾಗ ಮೆಸ್ಸೀಯನು ಬಂದನೆಂಬ ಸುದ್ದಿ ಕೇಳಿದರೆ, ಮೊದಲು ಸಸಿಯನ್ನು ನೆಟ್ಟು ಆಮೇಲೆ ಅವನನ್ನು ಎದುರುಗೊಳ್ಳಲು ಹೋಗಬೇಕೆಂಬುದು ಅದರ ತಾತ್ಪರ್ಯ.

ಇದನ್ನೆಲ್ಲ ಹಿರಿಯರ ಮುಂದೆ ಅರಿಕೆಮಾಡಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಆ ದಿನ ಹತ್ತಿರ ಅನ್ನೋದನ್ನ ಮಾತ್ರ ನಾನು ಬಿಡೋದಿಲ್ಲ” ಎಂದರು. ಬಿಡಬೇಕೆಂದು ನಾನು ಕೇಳಿರಲೂ ಇಲ್ಲ. ಸ್ವಲ್ಪ ತಡೆದು, “ಆದರೆ ಅವನು ಬಂದು ನೋಡುವಾಗ ತೋಟ ಪಾಳು ಬಿದ್ದಿದ್ದರೆ ನಾನೇನು ಹೇಳಲಿ?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಗುಂಡಿಗಳು ಇನ್ನೂ ಬರಿದಾಗಿಯೇ ಇವೆ. ಆದರೆ ಅವರ ಪ್ರಶ್ನೆ ನನ್ನನ್ನೂ ಬಿಡದೆ ಹಿಂಬಾಲಿಸಿತು. ಅಂತ್ಯದಿನವನ್ನು ನಂಬದ ನಾವೂ ನಮ್ಮ ಪಾಲಿನ ಗುಂಡಿಗಳನ್ನು ಎಷ್ಟು ತುಂಬಿದ್ದೇವೆ? ಬರುವ ದಿನ ಯಾವುದೇ ಇರಲಿ, ಬೇರೊಬ್ಬರು ಉಣ್ಣಲೆಂದು ನಾವು ನೆಟ್ಟ ಸಸಿಗಳ ಲೆಕ್ಕವನ್ನು ನಮ್ಮಿಂದಲೂ ಯಾರಾದರೂ ಕೇಳಬಹುದು. ಆಗ ಹೇಳಲು ಒಂದು ಉತ್ತರವಿರಬೇಕು.