ರಕ್ತದ ಕ್ಯಾನ್ಸರ್: ಚಿಕಿತ್ಸಾ ಪ್ರಯೋಗವೆಂದರೆ ಭಯವೇಕೆ?

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ನಮ್ಮ ಹುಡುಗನ ಮೇಲೆ ಪ್ರಯೋಗ ಮಾಡುತ್ತಾರಂತೆ.” ವೈದ್ಯರು ‘ಕ್ಲಿನಿಕಲ್ ಟ್ರಯಲ್’ ಎಂದೊಡನೆ ಮನೆಯವರ ಕಣ್ಣ ಮುಂದೆ ಪ್ರಯೋಗಶಾಲೆಯ ಇಲಿ, ಮೊಲಗಳು ಬಂದು ನಿಲ್ಲುತ್ತವೆ. ಅಂದೇ ಆಸ್ಪತ್ರೆಯನ್ನು ತೊರೆದು ಯಾರೋ ಹೇಳಿದ ಪುಡಿ, ಬೇರುಗಳನ್ನು ನೆಚ್ಚುವವರೂ ಉಂಟು. ಈ ಭಯ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ಆದರೆ ವಿಚಾರಿಸದೆಯೇ ಹಿಂದೆ ಸರಿದರೆ ಬದುಕುಳಿಯುವ ಅವಕಾಶವೊಂದು ಕೈತಪ್ಪಬಹುದು.

ಶಂಖಪಾಷಾಣದ ಉದಾಹರಣೆಯನ್ನೇ ನೋಡೋಣ. ರಸಾಯನಶಾಸ್ತ್ರದಲ್ಲಿ ಇದರ ಹೆಸರು ಆರ್ಸೆನಿಕ್ ಟ್ರೈಆಕ್ಸೈಡ್. ಘೋರವಾದ ವಿಷ. ನಮ್ಮ ರಸವೈದ್ಯದಲ್ಲಿಯೂ ಚೀನಾದ ಹಳೆಯ ವೈದ್ಯದಲ್ಲಿಯೂ ಪಾಷಾಣದ ಬಳಕೆ ಬಹುಕಾಲದಿಂದ ಇದ್ದೇ ಇತ್ತು. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ನಗರದ ವೈದ್ಯರು ಅದನ್ನು ಶುದ್ಧ ರೂಪದಲ್ಲಿ ರಕ್ತನಾಳದ ಮೂಲಕ ಕೊಟ್ಟಾಗ, ಅಕ್ಯೂಟ್ ಪ್ರೊಮೈಲೊಸೈಟಿಕ್ ಲುಕೇಮಿಯಾ ಎಂಬ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಮಾತ್ರ ವಿಶೇಷ ಗುಣ ಕಾಣಿಸಿತು. ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿಯುತ್ತದೆ. ರೋಗ ಪತ್ತೆಯಾದ ಕೆಲವೇ ದಿನಗಳಲ್ಲಿ ಮಿದುಳಿನ ರಕ್ತಸ್ರಾವದಿಂದ ಸಾಯುವವರು ಇಂದಿಗೂ ಇದ್ದಾರೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1998ರಿಂದ 2004ರವರೆಗೆ ಈ ರೋಗದ 72 ಮಂದಿಗೆ ಪಾಷಾಣವನ್ನೇ ಮುಖ್ಯ ಔಷಧವಾಗಿ ಕೊಟ್ಟು ನೋಡಿದರು. ಶೇಕಡಾ 86ರಷ್ಟು ಮಂದಿಯಲ್ಲಿ ರೋಗದ ಲಕ್ಷಣಗಳು ಸಂಪೂರ್ಣ ಅಡಗಿದವು. ಬಳಿಕ ಇಟಲಿ ಮತ್ತು ಜರ್ಮನಿಯ ವೈದ್ಯರು, ಹೆಚ್ಚಿನ ಅಪಾಯವಿಲ್ಲದ ರೋಗಿಗಳನ್ನು ಎರಡು ಗುಂಪು ಮಾಡಿದರು. ‘ಎ’ ಜೀವಸತ್ವಕ್ಕೆ ಸಂಬಂಧಿಸಿದ ಒಂದು ಮಾತ್ರೆಯನ್ನು ಎರಡೂ ಗುಂಪಿಗೆ ಕೊಟ್ಟು, ಒಂದಕ್ಕೆ ಅದರೊಡನೆ ಪಾಷಾಣವನ್ನೂ ಇನ್ನೊಂದಕ್ಕೆ ಕೀಮೋಥೆರಪಿಯನ್ನೂ ನೀಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳ ಬಳಿಕ ಯಾವ ಹಿನ್ನಡೆಯೂ ಇಲ್ಲದೆ ಇದ್ದವರು ಪಾಷಾಣದ ಗುಂಪಿನಲ್ಲಿ ಶೇಕಡಾ 97, ಕೀಮೋಥೆರಪಿಯ ಗುಂಪಿನಲ್ಲಿ ಶೇಕಡಾ 86.

ವಸ್ತು ಹಳೆಯದೇ. ಆದರೆ ಅದು ಯಾವ ರೋಗಕ್ಕೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ, ಹೃದಯದ ಲಯ ಕೆಡದಂತೆ ಯಾವ ಎಚ್ಚರದೊಡನೆ ಕೊಡಬೇಕು ಎಂಬುದನ್ನು ತಿಳಿಸಿದ್ದು ಪ್ರಯೋಗ. ಹಳೆಯ ವೈದ್ಯದಲ್ಲಿ ಎಲ್ಲವೂ ಇದೆ ಎನ್ನುವವರೂ, ಅದರಲ್ಲಿ ಏನೂ ಇಲ್ಲ ಎನ್ನುವವರೂ ಈ ಸಂಗತಿಯನ್ನು ಗಮನಿಸುವುದು ಒಳಿತು. (ಪಾಷಾಣದ ಪುಡಿ ಮಾರುವವರ ಬಳಿಗೆ ಹೋಗಬೇಕೆಂದು ಯಾರೂ ಇದರಿಂದ ತಿಳಿಯಬಾರದು, ಅದು ಪ್ರಾಣಕ್ಕೇ ಅಪಾಯ.)

ಅಸ್ಥಿಮಜ್ಜೆ ಕಸಿಯ ಕಥೆಯೂ ಇದೇ. 1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಅವರು ವರದಿ ಮಾಡಿದ ಮೊದಲ ಆರು ರೋಗಿಗಳಲ್ಲಿ ಯಾರೂ ದೀರ್ಘಕಾಲ ಬದುಕಲಿಲ್ಲ. ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1990ರಲ್ಲಿ. ನಮ್ಮ ದೇಶದ ಮೊದಲ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ನಡೆಯಿತು. ಒಡಹುಟ್ಟಿದವರೊಬ್ಬರ ಮಜ್ಜೆ ಪೂರ್ಣ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ತಂದೆತಾಯಿಗಳದು ಸಾಮಾನ್ಯವಾಗಿ ಅರ್ಧವಷ್ಟೇ ಹೊಂದುತ್ತದೆ. ಅರ್ಧ ಹೊಂದಿಕೆಯ ಕಸಿಯಲ್ಲಿ ದಾನಿಯ ಕಣಗಳು ರೋಗಿಯ ದೇಹವನ್ನೇ ಆಕ್ರಮಿಸುತ್ತಿದ್ದವು. ಕಸಿಯಾದ ಮೂರು, ನಾಲ್ಕನೆಯ ದಿನಗಳಲ್ಲಿ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಔಷಧ ಕೊಟ್ಟರೆ ಆ ಆಕ್ರಮಣ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿದ ಮೇಲೆ, ಮಗುವಿಗೆ ತಾಯಿಯೇ ದಾನಿಯಾಗುವುದು ಸಾಧ್ಯವಾಯಿತು. 2023ರಲ್ಲಿ 431 ರೋಗಿಗಳ ಅಮೆರಿಕದ ಪ್ರಯೋಗವೊಂದು, ಹೊಂದಿಕೆ ಚೆನ್ನಾಗಿರುವ ಕಸಿಯಲ್ಲಿಯೂ ಇದೇ ಕ್ರಮ ಮೇಲೆಂದು ಕಂಡಿತು.

ಇನ್ನು ಭಯದ ವಿಷಯ. ಪ್ರಯೋಗವೆಂದರೆ ಒಬ್ಬನಿಗೆ ಔಷಧ, ಮತ್ತೊಬ್ಬನಿಗೆ ಬರಿಯ ಸಕ್ಕರೆ ಗುಳಿಗೆ ಎಂಬ ಕಲ್ಪನೆ ವ್ಯಾಪಕವಾಗಿದೆ. ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಹೊಸ ಕ್ರಮವನ್ನು ಹೋಲಿಸುವುದು ಈಗಾಗಲೇ ರೂಢಿಯಲ್ಲಿರುವ ಉತ್ತಮ ಚಿಕಿತ್ಸೆಯೊಡನೆ. ನಮ್ಮ ದೇಶದಲ್ಲಿ 2019ರ ನಿಯಮಗಳಂತೆ ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಹೊಸ ಔಷಧದ ಪ್ರಯೋಗ ನಡೆಯುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಗಳನ್ನು ಕೊಡಬೇಕು. ರೋಗಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅವನ ಎಂದಿನ ಚಿಕಿತ್ಸೆಗೆ ಕುಂದು ಬರಕೂಡದು.

ಕಾನೂನು ಇಷ್ಟಿದ್ದರೂ ನನಗೊಂದು ಆಕ್ಷೇಪವಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರುತ್ತದೆ, ನಿಜ. ಆದರೆ ಆ ಕನ್ನಡವನ್ನು ಪದವೀಧರರೂ ಎರಡು ಸಲ ಓದಬೇಕು. ಪುಟಗಟ್ಟಲೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ಮೊದಲ ಹಂತದ ಪ್ರಯೋಗದ ಮುಖ್ಯ ಉದ್ದೇಶ ಔಷಧದ ಪ್ರಮಾಣ ಮತ್ತು ಸುರಕ್ಷತೆಯನ್ನು ಅರಿಯುವುದು, ಗುಣದ ಭರವಸೆಯಲ್ಲ ಎಂಬುದನ್ನು ಎದುರು ಕೂತು ಬಾಯಿಮಾತಿನಲ್ಲಿ ಹೇಳಬೇಕು. ಮನೆಯವರೂ ಸಂಕೋಚಪಡದೆ ಕೇಳಬೇಕು: ಇದು ಎಷ್ಟನೆಯ ಹಂತ? ಸೇರದಿದ್ದರೆ ಯಾವ ಚಿಕಿತ್ಸೆ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು?

ಕೊನೆಯದಾಗಿ, ಜಾಹೀರಾತುಗಳ ‘ಸ್ಟೆಮ್ ಸೆಲ್ ಚಿಕಿತ್ಸೆ’ಯನ್ನು ಇದರೊಡನೆ ಬೆರೆಸಬಾರದು. ಮಂಡಿನೋವು, ಮಧುಮೇಹ, ಮಕ್ಕಳ ಬುದ್ಧಿಮಾಂದ್ಯಗಳೆಲ್ಲಕ್ಕೂ ಲಕ್ಷಗಟ್ಟಲೆ ಹಣ ಪಡೆದು ಚುಚ್ಚುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯು ರಕ್ತಸಂಬಂಧಿ ರೋಗಗಳ ಕಸಿಯಂಥ ಅಂಗೀಕೃತ ಬಳಕೆಯನ್ನುಳಿದು ಬೇರೆಲ್ಲವನ್ನೂ ಪ್ರಯೋಗದ ಚೌಕಟ್ಟಿನಲ್ಲಿಯೇ ನಡೆಸಬೇಕೆನ್ನುತ್ತದೆ. ಪ್ರಯೋಗದಲ್ಲಿ ಭಾಗವಹಿಸಲು ರೋಗಿಯಿಂದ ಶುಲ್ಕ ಕೇಳಿದರೆ ಅಲ್ಲಿಂದ ಎದ್ದು ಬರಬಹುದು. ನಿಜವಾದ ಪ್ರಯೋಗಕ್ಕೆ ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ನೋಂದಣಿಯ ಸಂಖ್ಯೆಯಿರುತ್ತದೆ. 2009ರಿಂದ ಅದು ಕಡ್ಡಾಯ. ಆ ಸಂಖ್ಯೆಯನ್ನು ಬರೆದುಕೊಂಡು ಬಂದರೆ, ಮನೆಯ ಕಾಲೇಜು ಹುಡುಗರು ಮೊಬೈಲಿನಲ್ಲಿಯೇ ಅದರ ವಿವರವನ್ನೆಲ್ಲ ತೆಗೆದು ಹಿರಿಯರಿಗೆ ಓದಿಹೇಳಬಲ್ಲರು.